ಗ್ಯಾನ ಎಲ್ಲಿಕ್ಕಂಡಿದ್ದೀಯ?

ನಮ್ಮ ಕೊಳಾಲದ ಕಡೆ ಸಾರಿಗೆ ಎರಡು ಸಲ ಉಪ್ಪು ಬಿದ್ದರೆ, ಕುರಿ ಪಕ್ಕದವರ ಹೊಲಕ್ಕೆ ನುಗ್ಗಿದರೆ, ನಲ್ಲಿಯ ಕೆಳಗಿಟ್ಟ ಕೊಡ ತುಂಬಿ ಹೊರಚೆಲ್ಲಿದರೆ ಹಿರಿಯರ ಬಾಯಲ್ಲಿ ಬರುವ ಮಾತು ಒಂದೇ: ‘ಗ್ಯಾನ ಎಲ್ಲಿಕ್ಕಂಡಿದ್ದೀಯ?’ ಪುಸ್ತಕದ ಜ್ಞಾನಕ್ಕೂ ಈ ಗ್ಯಾನಕ್ಕೂ ಹೆಸರಿನ ನಂಟಷ್ಟೇ. ಜ್ಞಾನವನ್ನು ಸಂಪಾದಿಸಬೇಕು. ಗ್ಯಾನ ಎಲ್ಲರಿಗೂ ಹುಟ್ಟಿನಿಂದಲೇ ಇರುತ್ತದೆ, ಆದರೆ ಇರಬೇಕಾದ ಕಡೆ ಇರುವುದಿಲ್ಲ. ಬಿಸಿಲಿಗೆ ಕುಸಿದವಳು ‘ಗ್ಯಾನ ತಪ್ಪಿದಳು’, ಮುಖಕ್ಕೆ ನೀರು ಚಿಮುಕಿಸಿದ ಮೇಲೆ ‘ಗ್ಯಾನ ಬಂತು’. ಇದರ ಮಗ್ಗುಲಲ್ಲೇ ಇನ್ನೊಂದು ಪದವಿದೆ, ‘ಗ್ಯಾಪ್ಕ’. ಸಾಲ ಕೊಟ್ಟವನಿಗೆ ಇರುವುದು, ಇಸಕೊಂಡವನಿಗೆ ಇರದಿರುವುದು. ಬುದ್ಧ ‘ಸತಿ’ ಎಂದು ಕರೆದದ್ದು ಈ ಗ್ಯಾನ, ಗ್ಯಾಪ್ಕ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಪದಾರ್ಥವನ್ನು.

ಪಾಲಿ ಭಾಷೆಯ ಸತಿಗೆ ಮೂಲ ನೆನೆಯುವುದು ಎಂಬರ್ಥದ ಧಾತು. ಸಂಸ್ಕೃತದಲ್ಲಿ ಅದೇ ಸ್ಮೃತಿ. ಇಲ್ಲಿಂದ ಕನ್ನಡದವರ ಫಜೀತಿ ಶುರು. ‘ಸತಿ’ ಎಂದರೆ ನಮಗೆ ಹೆಂಡತಿ. ಇಲ್ಲವೇ ಊರಾಚೆಯ ಮಾಸ್ತಿಕಲ್ಲು. ‘ಸ್ಮೃತಿ’ ಎಂದರೆ ಮನುವಿನ ಹೆಸರು ಮೊದಲು ನೆನಪಾಗುತ್ತದೆ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿಯನ್ನು ಸುಟ್ಟ ಅಂಬೇಡ್ಕರ್ ಅವರ ಹಾದಿಯಲ್ಲಿ ಬೌದ್ಧನಾದವನಿಗೆ ಹೋಗಿ ‘ಸ್ಮೃತಿಯನ್ನು ಅಭ್ಯಾಸ ಮಾಡಿ’ ಎಂದರೆ ಹೇಗಿರುತ್ತದೆ? ಮೂರನೆಯ ಪದ ‘ಸಾವಧಾನ’. ಅವಧಾನ ಕೂಡಿದ್ದು ಸಾವಧಾನ. ಮದುವೆ ಮಂತ್ರದಲ್ಲಿ ಇಂದಿಗೂ ಅದೇ ಅರ್ಥ. ಬಳಕೆಯ ಕನ್ನಡದಲ್ಲಿ ಮಾತ್ರ ಅದು ‘ನಿಧಾನವಾಗಿ’ ಎಂದಾಗಿಬಿಟ್ಟಿದೆ. ಮೈಂಡ್‌ಫುಲ್‌ನೆಸ್ ಹೇಳಿಕೊಡುವವರು ಎಲ್ಲವನ್ನೂ ಆಮೆಯ ಹಾಗೆ ಮಾಡಿಸುವುದು ಕಂಡಾಗಲೆಲ್ಲ ನನಗೆ ನಮ್ಮ ಸಾವಧಾನಕ್ಕಾದ ಗತಿಯೇ ಇದಕ್ಕೂ ಆಯಿತಲ್ಲ ಅನ್ನಿಸುತ್ತದೆ. ಓಡುತ್ತಿರುವ ಬಸ್ಸಿನಲ್ಲಿ ಟಿಕೆಟ್ ಹರಿಯುವ ಕಂಡಕ್ಟರನಿಗೆ ಗ್ಯಾನ ಬೇಕು, ನಿಧಾನ ಆಗದು. ಇಂಗ್ಲಿಷಿನವರೂ ಪದಕ್ಕಾಗಿ ತಡಕಾಡಿದವರೇ. 1881ರಲ್ಲಿ ರೀಸ್ ಡೇವಿಡ್ಸ್ ಬುದ್ಧನ ಉಪದೇಶಗಳಾದ ಸುತ್ತಗಳನ್ನು ಅನುವಾದಿಸುವಾಗ ಮೈಂಡ್‌ಫುಲ್‌ನೆಸ್ ಎಂಬ ಪದ ಹಿಡಿದ. ಮುಂದೆ ಅದು ಆಸ್ಪತ್ರೆ, ಕಂಪನಿ, ಮೊಬೈಲ್ ಆ್ಯಪುಗಳನ್ನೆಲ್ಲ ಸುತ್ತಿ ಈಗ ನಮ್ಮ ಹಳ್ಳಿಯ ಹುಡುಗರ ರೀಲ್ಸಿನಲ್ಲಿ ಮರಳಿ ಬಂದಿದೆ.

ಕೊರಟಗೆರೆಯ ನಾಲ್ಕು ಹೋಬಳಿಗಳಲ್ಲಿ ಒಂದಾದ ಕೊಳಾಲದಲ್ಲಿ, ಮಧುಗಿರಿ, ಶಿರಾ, ಪಾವಗಡಗಳ ಬಯಲಿನಲ್ಲಿ, ಬೋರ್‌ವೆಲ್ಲು, ಕಂತು, ಕುರಿ, ಕಡ್ಲೇಕಾಯಿಗಳ ನಡುವೆ ಇರುವವರಿಗೆ ಬೌದ್ಧರ ಈ ಎಚ್ಚರ ದಿನದ ಬದುಕಿಗೆ ಒದಗೀತೇ? ಅಥವಾ ಅದು ಪುರಸೊತ್ತು ಇರುವವರ ಸೊತ್ತೇ?

ಮೊದಲು ಮೂಲದಲ್ಲಿ ಏನಿದೆ ಎಂದು ನೋಡೋಣ. ಸತಿಪಟ್ಠಾನ ಸುತ್ತ ಮಜ್ಝಿಮ ನಿಕಾಯದಲ್ಲಿ 10ನೆಯದು. ಅದರ ಹಿಗ್ಗಿಸಿದ ರೂಪ ದೀಘ ನಿಕಾಯದ 22ನೆಯದು. ಎಚ್ಚರವನ್ನು ನಾಲ್ಕು ಕಡೆ ನೆಡಬೇಕೆನ್ನುತ್ತದೆ: ಮೈ, ಮೈಗೆ ತಾಕುವ ಹಿತ ಅಹಿತ, ಮನಸ್ಸಿನ ಸ್ಥಿತಿ, ಮನಸ್ಸಿನಲ್ಲಿ ಆಡುವ ಸಂಗತಿಗಳು. ಉಸಿರಿನ ಭಾಗ ಎಲ್ಲರಿಗೂ ಗೊತ್ತು. ಹೆಚ್ಚು ಜನ ಓದದೆ ಬಿಡುವ ಭಾಗ ಅದರ ಮುಂದಿದೆ. ಹೋಗುವಾಗ, ಬರುವಾಗ, ಕತ್ತು ತಿರುಗಿಸುವಾಗ, ಕೈಕಾಲು ಮಡಿಸುವಾಗ, ಚಾಚುವಾಗ, ಬಟ್ಟೆ ಹೊದೆಯುವಾಗ, ಉಣ್ಣುವಾಗ, ಅಗಿಯುವಾಗ, ಮಲಗುವಾಗ, ಏಳುವಾಗ, ಮಾತಾಡುವಾಗ, ಸುಮ್ಮನಿರುವಾಗ, ಕೊನೆಗೆ ಚೆಂಬು ಹಿಡಿದು ಬಯಲಕಡೆ ಹೋದಾಗಲೂ ತಾನೇನು ಮಾಡುತ್ತಿದ್ದೇನೆಂಬ ತಿಳಿವಿರಲಿ ಎಂದು ಪಟ್ಟಿಯೇ ಇದೆ. ಭಿಕ್ಷುಗಳಿಗೆ ಹೇಳಿದ್ದು ನಿಜ. ಆದರೆ ಈ ಪಟ್ಟಿಯಲ್ಲಿ ಭಿಕ್ಷುವಿಗಷ್ಟೇ ಸಲ್ಲುವ ಕೆಲಸ ಯಾವುದಿದೆ, ಚೀವರ ಭಿಕ್ಷಾಪಾತ್ರೆಗಳ ಹೊರತು?

ಈ ಉಪದೇಶ ನಡೆದದ್ದು ಕುರುದೇಶದ ಕಮ್ಮಾಸಧಮ್ಮವೆಂಬ ಊರಲ್ಲಿ. ಇದನ್ನು ಬುದ್ಧ ಅಲ್ಲೇ ಯಾಕೆ ಹೇಳಿದ ಎಂಬುದಕ್ಕೆ ಪಾಲಿ ಅಟ್ಠಕಥೆ, ಅಂದರೆ ವ್ಯಾಖ್ಯಾನ, ಕೊಡುವ ಕಾರಣ ನನಗೆ ಬಲು ಇಷ್ಟ. ಆ ಸೀಮೆಯಲ್ಲಿ ಆಳುಕಾಳುಗಳೂ ಸತಿಪಟ್ಠಾನದ ಮಾತಾಡುತ್ತಿದ್ದರಂತೆ. ನೀರು ತರುವ ಕಟ್ಟೆಯಲ್ಲಿ, ನೂಲುವ ಜಾಗದಲ್ಲಿ ಹೆಂಗಸರು ಒಬ್ಬರನ್ನೊಬ್ಬರು ‘ಯಾವುದನ್ನು ಹಿಡಿದಿದ್ದೀಯಮ್ಮ?’ ಎಂದು ವಿಚಾರಿಸುತ್ತಿದ್ದರಂತೆ; ‘ಯಾವುದೂ ಇಲ್ಲ’ ಎಂದವಳಿಗೆ ಬೈಗುಳವೂ ಬೀಳುತ್ತಿತ್ತಂತೆ. ಒಂದು ಗಿಣಿಯ ಕತೆಯೂ ಇದೆ. ಭಿಕ್ಷುಣಿಯರು ಸಾಕಿದ ಆ ಗಿಣಿಗೆ ‘ಮೂಳೆ, ಮೂಳೆ’ ಎಂದು ನೆನೆಯುವುದನ್ನು ಕಲಿಸಿದ್ದರು. ಗಿಡುಗವೊಂದು ಹೊತ್ತೊಯ್ದಿತು, ಗದ್ದಲ ಮಾಡಿ ಬಿಡಿಸಿದರು. ಆಗ ಏನು ಯೋಚಿಸುತ್ತಿದ್ದೆ ಎಂದು ಕೇಳಿದರೆ, ಒಂದು ಮೂಳೆಯ ರಾಶಿ ಇನ್ನೊಂದು ಮೂಳೆಯ ರಾಶಿಯನ್ನು ಹೊತ್ತುಕೊಂಡು ಹೋಗುತ್ತಿದೆ, ಎಲ್ಲೋ ಚೆಲ್ಲಿಹೋಗುತ್ತದೆ ಎಂದುಕೊಂಡೆ ಎಂದಿತಂತೆ. ಗಿಣಿಯ ಮಾತು ಹಾಗಿರಲಿ. ನೀರಿನ ಕಟ್ಟೆಯಲ್ಲಿ ಹೆಂಗಸರು ಧ್ಯಾನದ ಮಾತಾಡುತ್ತಿದ್ದರೆಂದು ಐದನೇ ಶತಮಾನದ ವ್ಯಾಖ್ಯಾನಕಾರನಿಗೆ ಅನ್ನಿಸಿತ್ತಲ್ಲ, ಅದು ಮುಖ್ಯ. ಪಾವಗಡದ ಶುದ್ಧ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಂತವರನ್ನೋ, ವೈ.ಎನ್. ಹೊಸಕೋಟೆಯ ಮಗ್ಗದ ಮನೆಗಳನ್ನೋ ನೋಡಿ ಇವತ್ತಿನ ಯಾವ ಧ್ಯಾನಗುರುವಿಗೆ ಹಾಗನ್ನಿಸೀತು?

ನಮ್ಮ ಸೀಮೆಗೆ ಈ ಮಾತು ಹೊಸತಲ್ಲ. ಪಾವಗಡದಿಂದ ಚಳ್ಳಕೆರೆ ದಾಟಿ ಮೊಳಕಾಲ್ಮೂರು ತಾಲ್ಲೂಕಿಗೆ ಹೋದರೆ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಊರವರು ಅಕ್ಷರಗುಂಡು ಎಂದು ಕರೆಯುತ್ತಿದ್ದ ಬ್ರಹ್ಮಗಿರಿಯ ಬಂಡೆಯ ಮೇಲಿರುವುದು ಅಶೋಕನ ಶಾಸನವೆಂದು 1892ರಲ್ಲಿ ಬಿ.ಎಲ್. ರೈಸ್ ಲೋಕಕ್ಕೆ ತಿಳಿಸಿದರು. ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಸುವರ್ಣಗಿರಿಯಿಂದ ಹೋದ ಆಜ್ಞೆ ಅದು. ಅದರಲ್ಲಿ ಅಶೋಕ ತನ್ನ ಕತೆಯನ್ನೇ ಹೇಳಿಕೊಂಡಿದ್ದಾನೆ: ಎರಡೂವರೆ ವರ್ಷದಿಂದ ಉಪಾಸಕನಾಗಿದ್ದೆ, ಮೊದಲ ಒಂದು ವರ್ಷ ಹೇಳಿಕೊಳ್ಳುವಂಥ ಶ್ರಮ ಪಡಲಿಲ್ಲ, ಸಂಘದ ಸಹವಾಸಕ್ಕೆ ಬಂದಮೇಲೆ ಪಟ್ಟೆ. ಚಕ್ರವರ್ತಿಯೊಬ್ಬ ತಾನು ಸೋಮಾರಿಯಾಗಿದ್ದೆನೆಂದು ಕಲ್ಲಿನಲ್ಲಿ ಕೊರೆಸಿದ್ದು ಸಣ್ಣ ಮಾತಲ್ಲ. ಅದರ ಬೆನ್ನಿಗೇ ಬರುವ ಮಾತು ನಮ್ಮ ಪ್ರಶ್ನೆಗೆ ಉತ್ತರದಂತಿದೆ: ಈ ಫಲ ದೊಡ್ಡವರಿಗಷ್ಟೇ ಸಿಗುವುದಲ್ಲ, ಶ್ರಮಪಟ್ಟರೆ ಸಣ್ಣವರಿಗೂ ಸಿಗುತ್ತದೆ. ಮುಂದೆ ತಾಯಿತಂದೆಯರ ಮಾತು ಕೇಳುವುದು, ಜೀವಿಗಳ ಮೇಲೆ ಕನಿಕರ, ಸತ್ಯ ನುಡಿಯುವುದು. ಧ್ಯಾನದ ಹೆಸರೇ ಇಲ್ಲ.

ಹಾಗಾದರೆ ಅಶೋಕನ ಧಮ್ಮಕ್ಕೂ ಸತಿಗೂ ಏನು ಸಂಬಂಧ? ರಾಜಸ್ಥಾನದ ಬೈರಾಟದಲ್ಲಿ ಸಿಕ್ಕ ಇನ್ನೊಂದು ಶಾಸನದಲ್ಲಿ ಅವನು ಭಿಕ್ಷುಗಳೂ ಗೃಹಸ್ಥರೂ ಮತ್ತೆ ಮತ್ತೆ ಕೇಳಬೇಕಾದ ಏಳು ಧರ್ಮಪಾಠಗಳ ಹೆಸರು ಕೊಡುತ್ತಾನೆ. ಅದರಲ್ಲೊಂದು ಸುಳ್ಳಿನ ವಿಚಾರವಾಗಿ ರಾಹುಲನಿಗೆ ಹೇಳಿದ್ದು. ಮಜ್ಝಿಮ ನಿಕಾಯದ 61ನೇ ಸುತ್ತವೇ ಇದೆಂದು ವಿದ್ವಾಂಸರು ಗುರುತಿಸುತ್ತಾರೆ. ಬುದ್ಧ ತನ್ನ ಎಳೆಯ ಮಗನನ್ನು ಕೇಳುತ್ತಾನೆ, ಕನ್ನಡಿ ಇರುವುದು ಯಾತಕ್ಕೆ? ನೋಡಿಕೊಳ್ಳುವುದಕ್ಕೆ. ಹಾಗೇ ಮೈಯಿಂದ, ಮಾತಿನಿಂದ, ಮನಸ್ಸಿನಿಂದ ಏನು ಮಾಡುವ ಮೊದಲೂ, ಮಾಡುತ್ತಿರುವಾಗಲೂ, ಮಾಡಿಯಾದ ಮೇಲೂ ನೋಡಿಕೋ: ಇದರಿಂದ ನನಗೋ ಇನ್ನೊಬ್ಬರಿಗೋ ನೋವಿದೆಯೇ? ಮೂರು ಹೊತ್ತಿನ ಕನ್ನಡಿ. ನನ್ನ ಮಟ್ಟಿಗೆ ದಿನದ ಬದುಕಿನ ಎಚ್ಚರಕ್ಕೆ ಉಸಿರಿಗಿಂತ ಇದೇ ನೇರವಾದ ದಾರಿ. ಮೂಗಿನ ತುದಿಯ ಉಸಿರನ್ನು ಗಮನಿಸುತ್ತಲೇ ಒಬ್ಬ ತೂಕದಲ್ಲಿ ಮೋಸ ಮಾಡಬಹುದು. ಕನ್ನಡಿ ಹಿಡಿದುಕೊಂಡು ಮಾಡುವುದು ಕಷ್ಟ.

ಮಿಲಿಂದ ರಾಜ ಸತಿಯ ಲಕ್ಷಣವೇನು ಎಂದಾಗ ಭಿಕ್ಷು ನಾಗಸೇನನೂ ಇಂಥದೇ ಮಾತು ಹೇಳಿದ. ರಾಜನ ಭಂಡಾರಿ ಬೆಳಗ್ಗೆ ಸಂಜೆ ಎಣಿಸಿ ಹೇಳುತ್ತಾನೆ: ಆನೆ ಇಷ್ಟು, ಕುದುರೆ ಇಷ್ಟು, ಚಿನ್ನ ಇಷ್ಟು, ನೆನಪಿರಲಿ ಪ್ರಭು. ಸತಿ ಮನಸ್ಸಿಗೆ ಹಾಗೆ ಒಳಿತು ಕೆಡುಕುಗಳ ಲೆಕ್ಕ ಒಪ್ಪಿಸುತ್ತದೆ. ಅಂಗುತ್ತರ ನಿಕಾಯದಲ್ಲಿ ಇನ್ನೊಂದು ಹೋಲಿಕೆ ಇದೆ, ಗಡಿಕೋಟೆಯ ಬಾಗಿಲು ಕಾಯುವವನದು. ಗುರುತಿಲ್ಲದವರನ್ನು ತಡೆದು, ಗುರುತಿನವರನ್ನು ಒಳಬಿಡುವವನು. ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುವಾಗ ಅಂತರಾಳದ ಬಾಗಿಲು, ದಿಡ್ಡಿ ಬಾಗಿಲುಗಳನ್ನು ಹಾಯ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಬಾಗಿಲು ಇಟ್ಟಿರುವುದೇ ಜನ ಹೋಗಿಬರಲಿ ಎಂದು; ಮುಚ್ಚಿಯೇ ಇಡುವುದಾದರೆ ಗೋಡೆ ಕಟ್ಟಿದ್ದರೆ ಆಗುತ್ತಿತ್ತು. ಮನಸ್ಸನ್ನು ಖಾಲಿ ಮಾಡಿ ಎನ್ನುವವರು ಈ ವ್ಯತ್ಯಾಸ ಮರೆಯುತ್ತಾರೆ.

ಆಮೇಲಿನ ಚರಿತ್ರೆಯನ್ನು ಬೇಗ ದಾಟುತ್ತೇನೆ. ವನವಾಸಕ್ಕೆ ರಕ್ಖಿತನೆಂಬ ಭಿಕ್ಷುವನ್ನು ಕಳಿಸಿದ್ದನ್ನು ಸಿಂಹಳದ ಮಹಾವಂಸ ಹೇಳುತ್ತದೆ. ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ಸ್ತೂಪ ಎದ್ದಿತು, ಬಿದ್ದಿತು, 1990ರ ದಶಕದಲ್ಲಿ ಮಣ್ಣಿನಿಂದ ಮತ್ತೆ ಹೊರಬಂತು. ಬಳ್ಳಿಗಾವೆಯಲ್ಲಿ, ಡಂಬಳದಲ್ಲಿ ತಾರೆಯ ಪೂಜೆ ನಡೆಯಿತು. ಮಂಗಳೂರಿನ ಕದ್ರಿಯಲ್ಲಿ 968ರ ಲೋಕೇಶ್ವರ ಇವತ್ತಿಗೂ ಮಂಜುನಾಥನ ಗುಡಿಯಲ್ಲಿ ಕೂತಿದ್ದಾನೆ. ಇಪ್ಪತ್ತನೇ ಶತಮಾನದಲ್ಲಿ ಜಿ.ಪಿ. ರಾಜರತ್ನಂ ಪಾಲಿ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದರು, ಗೋವಿಂದ ಪೈಗಳು ಬುದ್ಧನ ಕೊನೆಯ ದಿನಗಳ ಮೇಲೆ ‘ವೈಶಾಖಿ’ ಬರೆದರು, ಮಾಸ್ತಿ ‘ಯಶೋಧರಾ’ ಬರೆದರು. ಕನ್ನಡಕ್ಕೆ ಹೀಗೆ ಬುದ್ಧ ಬಂದ. ಆದರೆ ಬಂದದ್ದು ಕರುಣೆಯ ಬುದ್ಧ, ತ್ಯಾಗದ ಬುದ್ಧ. ಬೆಳಗ್ಗೆ ಎದ್ದು ಏನು ಮಾಡಬೇಕು ಎಂದು ಹೇಳಿಕೊಡುವ ಬುದ್ಧ ಬರಲಿಲ್ಲ.

ಅವನು ಬಂದದ್ದು ಬರ್ಮಾದ ದಾರಿಯಿಂದ. ಮಾಂಡಲೆಯಲ್ಲಿ ಹುಟ್ಟಿದ ವ್ಯಾಪಾರಿ ಸತ್ಯನಾರಾಯಣ ಗೋಯೆಂಕಾ, ಸಯಾಜಿ ಊ ಬಾ ಖಿನ್ ಎಂಬ ಸರ್ಕಾರಿ ಅಧಿಕಾರಿಯ ಬಳಿ ವಿಪಶ್ಯನೆ ಕಲಿತು 1969ರಲ್ಲಿ ಭಾರತಕ್ಕೆ ಬಂದರು. ಗುರುವೂ ಗೃಹಸ್ಥ, ಶಿಷ್ಯನೂ ಗೃಹಸ್ಥ, ಇದನ್ನು ಗಮನಿಸಬೇಕು. ಇಗತ್‌ಪುರಿಯ ಕೇಂದ್ರ ಶುರುವಾದದ್ದು 1976ರಲ್ಲಿ. ನಮಗೆ ಹತ್ತಿರದ್ದು ಬೆಂಗಳೂರು-ತುಮಕೂರು ರಸ್ತೆಯಿಂದ ಒಳಗಿರುವ ಆಲೂರಿನ ಧಮ್ಮ ಪಫುಲ್ಲ. ಎಲ್ಲ ಕಡೆ ಒಂದೇ ಕ್ರಮ: ಹತ್ತು ದಿನ, ಶುಲ್ಕವಿಲ್ಲ, ಮಾತಿಲ್ಲ, ಫೋನಿಲ್ಲ. ಬೆಳಗ್ಗೆ 4ಕ್ಕೆ ಗಂಟೆ, 11ಕ್ಕೆ ಊಟ, ಸಂಜೆ ಪ್ರವಚನ, ರಾತ್ರಿ 9.30ಕ್ಕೆ ದೀಪ ಆರುತ್ತದೆ. ಮೊದಲ ಮೂರು ದಿನ ಉಸಿರು, ನಾಲ್ಕನೇ ದಿನದಿಂದ ಮೈಯ ಸಂವೇದನೆ, ಕೊನೆಗೆ ಮೈತ್ರಿ.

ನಾನೂ ಒಮ್ಮೆ ಹತ್ತು ದಿನ ಕೂತು ಬಂದವನು. ಮೊಣಕಾಲಿನ ನೋವು ಒಂದೇ ಗಟ್ಟಿ ಪದಾರ್ಥವಲ್ಲ, ಅದರೊಳಗೆ ಉರಿ, ಮಿಡಿತ, ಭಯ ಎಲ್ಲ ಬೇರೆ ಬೇರೆ ಇವೆ ಎಂದು ಆರನೇ ದಿನದ ಹೊತ್ತಿಗೆ ಗೊತ್ತಾಯಿತು. ಭಯವನ್ನು ತೆಗೆದರೆ ನೋವು ಅರ್ಧ. ಊರಿಗೆ ಬಂದಾಗ ಚಿಲ್ಲರೆ ಅಂಗಡಿಯ ಕಟ್ಟೆಯಲ್ಲಿ ಕೂತಿದ್ದ ದೊಡ್ಡಪ್ಪ ಕೇಳಿದ: ‘ಹತ್ ದಿನ ಮಾತಾಡ್ದಂಗೆ ಕುಂತಿದ್ಯಂತೆ, ಯಾರ ಮ್ಯಾಲಪ್ಪ ಮುನಿಸು?’ ಉತ್ತರ ಹೊಳೆಯಲಿಲ್ಲ. ಶಿಬಿರದಲ್ಲಿ ಹೇಳಿಕಳಿಸಿದ್ದು ದಿನಕ್ಕೆ ಎರಡು ಹೊತ್ತು ಒಂದೊಂದು ಗಂಟೆ ಕೂರಬೇಕೆಂದು. ಅಡಿಕೆ ತೋಟಕ್ಕೆ ನೀರು ಹಾಯಿಸಬೇಕಾದವನಿಗೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ರಾತ್ರಿ ಪಾಳಿಯ ದಿನ ಎರಡು ಗಂಟೆಗೆ ಟಾರ್ಚು ಹಿಡಿದು ಮೋಟ್ರು ಆನ್ ಮಾಡಲು ಹೋಗಬೇಕು. ಅಲ್ಲಿಂದ ಬಂದು ನಾಲ್ಕಕ್ಕೆ ಕಣ್ಣು ಮುಚ್ಚಿ ಕೂತರೆ ಬರುವುದು ಅರಿವಲ್ಲ, ಗೊರಕೆ. ಮೂರು ತಿಂಗಳಲ್ಲಿ ನನ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕಿಳಿಯಿತು, ಆಮೇಲೆ ಅದೂ ಹೋಯಿತು. ಉಳಿದದ್ದು ಒಂದೇ ಒಂದು ಅಭ್ಯಾಸ, ಅದೂ ಶಿಬಿರದಲ್ಲಿ ಹೇಳಿಕೊಟ್ಟದ್ದಲ್ಲ: ಮೋಟ್ರಿನ ಸ್ಟಾರ್ಟರ್ ಒತ್ತುವ ಮೊದಲು ಮೂರು ಉಸಿರು ನಿಲ್ಲುವುದು. ಒದ್ದೆ ಕೈಯಲ್ಲಿ ಒತ್ತಿ ಶಾಕ್ ಹೊಡೆಸಿಕೊಂಡವರನ್ನು ಕಂಡಿದ್ದರಿಂದ ಬಂದ ಅಭ್ಯಾಸವಿರಬೇಕು. ಹೆದರಿಕೆಯಿಂದ ಶುರುವಾದದ್ದು ಈಗ ಆ ಕತ್ತಲಿನ ತಂಪಿಗಾಗಿಯೇ ನಿಲ್ಲುವಂತಾಗಿದೆ.

ಇನ್ನೊಂದು ದಾರಿ ಅಮೆರಿಕದ್ದು. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬತ್-ಜಿನ್, ಬೇರೆ ಚಿಕಿತ್ಸೆಗೆ ಬಗ್ಗದ ನೋವಿನ ರೋಗಿಗಳಿಗೆಂದು ಒಂದು ತರಬೇತಿ ಶುರುಮಾಡಿದರು. ಬುದ್ಧನ ಹೆಸರನ್ನು ಬೇಕೆಂದೇ ಹಿಂದಕ್ಕೆ ಸರಿಸಿದರು. ಅದರಲ್ಲಿ ಪ್ರಸಿದ್ಧವಾದದ್ದು ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ನಿಮಿಷಗಟ್ಟಲೆ ಅಗಿಯುವ ಪಾಠ. ನಮ್ಮಲ್ಲಿ ಇದನ್ನು ಹಾಗೆಯೇ ಇಳಿಸಿಕೊಂಡರೆ ತಮಾಷೆಯಾಗುತ್ತದೆ. ಮುದ್ದೆ ಉಣ್ಣುವ ಸೀಮೆ ಇದು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು. ಅಗಿದವನು ಹೊರಗಿನವನೆಂದು ಪಂಕ್ತಿಯಲ್ಲೇ ಗೊತ್ತಾಗುತ್ತದೆ. ಹಾಗೆಂದು ಮುದ್ದೆಗೆ ಗ್ಯಾನ ಬೇಡವೇ? ತುತ್ತು ಮುರಿಯುವ ಅಳತೆ, ಸಾರಿನಲ್ಲಿ ಹೊರಳಿಸುವ ಬಗೆ, ಗಂಟಲು ದಾಟುವ ಬಿಸಿ, ಎಲ್ಲಕ್ಕೂ ಬೇಕು. ನನ್ನನ್ನು ಕೇಳಿದರೆ ಒಣದ್ರಾಕ್ಷಿಯ ಜಾಗಕ್ಕೆ ಹುರಿದ ಕಡ್ಲೇಕಾಯಿ ವಾಸಿ. ಹತ್ತು ಒಳ್ಳೆಯ ಬೀಜ ತಿಂದಮೇಲೆ ಒಂದು ಮುಗ್ಗಲು ಸಿಗುತ್ತದೆ. ಅರೆಗಳಿಗೆ ಕಹಿ, ಮುಖ ಕಿವುಚುತ್ತದೆ, ಮನಸ್ಸು ಏನೂ ಹೇಳುವ ಮೊದಲೇ ಕೈ ಇನ್ನೊಂದನ್ನು ಸುಲಿದು ಬಾಯಿಗೆ ಹಾಕಿರುತ್ತದೆ. ಅಹಿತ ತಾಕಿತು, ಬೇಡ ಅನ್ನಿಸಿತು, ಬೇರೆಯದಕ್ಕೆ ಹಾತೊರೆಯಿತು. ವೇದನೆಯಿಂದ ತೃಷ್ಣೆ ಹುಟ್ಟುವುದೆಂದು ಬುದ್ಧ ಹೇಳಿದ್ದು ಇಷ್ಟನ್ನೇ. ಆ ಕೈ ಮುಂದಕ್ಕೆ ಹೋಗುವುದನ್ನು ಒಂದು ಸಲ ಕಂಡವನು, ಬೈಗುಳ ನಾಲಗೆಯ ತುದಿಗೆ ಬರುವುದನ್ನೂ ಒಂದು ದಿನ ಕಂಡಾನು.

ಈ ಪಾಶ್ಚಾತ್ಯ ದಾರಿಯ ಲಾಭವೆಂದರೆ ಅವರು ಅಳೆದು ನೋಡುತ್ತಾರೆ. 2010ರಲ್ಲಿ 2,250 ಜನರನ್ನು ಫೋನಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ವಿಚಾರಿಸಿದ ಹಾರ್ವರ್ಡ್ ಅಧ್ಯಯನಕ್ಕೆ ಕಂಡದ್ದು, ಎಚ್ಚರವಿರುವ ಹೊತ್ತಿನ ಸುಮಾರು ಶೇ. 47ರಷ್ಟು ಭಾಗ ಮನಸ್ಸು ಮಾಡುತ್ತಿರುವ ಕೆಲಸದ ಮೇಲೆ ಇರುವುದಿಲ್ಲ, ಹಾಗೆ ಅಲೆಯುವಾಗ ಅಷ್ಟು ಸುಖವಾಗಿಯೂ ಇರುವುದಿಲ್ಲ ಎಂದು. 2014ರಲ್ಲಿ 47 ಪ್ರಯೋಗಗಳು, 3,515 ಜನರ ಫಲಿತಾಂಶವನ್ನು ಒಟ್ಟುಮಾಡಿದ ಅಮೆರಿಕದ ವಿಮರ್ಶೆ ಆತಂಕ, ಖಿನ್ನತೆ, ನೋವುಗಳಿಗೆ ಒಂದು ಮಟ್ಟದ ಗುಣ ಕಂಡಿತು. ಆದರೆ ಔಷಧ, ವ್ಯಾಯಾಮದಂಥ ಬೇರೆ ಚಿಕಿತ್ಸೆಗಳಿಗಿಂತ ಮೇಲು ಎನ್ನುವುದಕ್ಕೆ ಆಧಾರ ಕಾಣಲಿಲ್ಲ. ಖಿನ್ನತೆ ಮರುಕಳಿಸುವುದನ್ನು ತಡೆಯಲು ಇದು ಒದಗುತ್ತದೆಂಬುದು ಗಟ್ಟಿಯಾಗಿದೆ. ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಕಲಿಸಿದರೆ ಎಂಬುದನ್ನು ಬ್ರಿಟನ್ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನೋಡಿತು. 2022ರಲ್ಲಿ ಬಂದ ಉತ್ತರ, ಮಾಮೂಲಿ ಪಾಠಕ್ಕಿಂತ ಹೆಚ್ಚೇನೂ ಆಗಲಿಲ್ಲ ಎಂದು. ಬೇಜಾರಿನಿಂದ ಕೂತ ಮಗುವಿಗೆ ಉಸಿರೂ ಇನ್ನೊಂದು ಪಿರಿಯಡ್. ತೀವ್ರ ಖಿನ್ನತೆ, ಭ್ರಮೆ ಇರುವವರಿಗೆ ದೀರ್ಘ ಮೌನ ತೊಂದರೆಯನ್ನೂ ಮಾಡಬಹುದು. ಅಂಥವರನ್ನು ಶಿಬಿರಕ್ಕೆ ಕಳಿಸುವ ಮೊದಲು ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು. ನಮ್ಮ ಕಡೆ ‘ಧ್ಯಾನ ಮಾಡಿದ್ರೆ ಎಲ್ಲ ಸರಿಹೋಗ್ತದೆ’ ಎನ್ನುವವರು ಹೆಚ್ಚಾಗಿರುವುದರಿಂದ ಈ ಮಾತು ಹೇಳಬೇಕಾಯಿತು.

ರೊನಾಲ್ಡ್ ಪರ್ಸರ್ 2019ರ ತಮ್ಮ ಪುಸ್ತಕದಲ್ಲಿ ಎತ್ತಿದ ತಕರಾರು ಇದಕ್ಕಿಂತ ಆಳದ್ದು: ಕಂಪನಿ ಕೆಲಸಗಾರನ ಮೇಲೆ ಹೇರುವ ಹೊರೆ ಹಾಗೇ ಇರಲಿ, ಹೊರುವವನು ಉಸಿರಾಡಲು ಕಲಿಯಲಿ ಎನ್ನುವ ವ್ಯಾಪಾರವಾಗಿದೆ ಇದು ಎಂದು. ನಮ್ಮಲ್ಲಿ ಕಂಪನಿಯ ಜಾಗದಲ್ಲಿ ಕಂತು ಇದೆ. ಮೈಕ್ರೋಫೈನಾನ್ಸಿನವರು ಮನೆ ಬಾಗಿಲಲ್ಲಿ ಕೂತು ವಸೂಲಿ ಮಾಡುವುದು ಎಷ್ಟು ಮಿತಿಮೀರಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ವಾರದ ಕಂತಿಗೆ ದುಡ್ಡಿಲ್ಲದ ಹೆಣ್ಣುಮಗಳಿಗೆ ‘ನಿನ್ನ ಆತಂಕವನ್ನು ಸುಮ್ಮನೆ ನೋಡಮ್ಮ’ ಎನ್ನುವುದು ಧರ್ಮವಲ್ಲ. ಆತಂಕವನ್ನು ನೋಡುವುದು ಅವಳಿಗೆ ಉಪಯೋಗಕ್ಕೆ ಬರಬಹುದು, ಬಾವಿಯ ಕಡೆ ನಡೆಯುವ ಕಾಲನ್ನು ಹಿಂದಕ್ಕೆ ತರಬಹುದು. ಬಡ್ಡಿ ಲೆಕ್ಕ ಬೇರೆಯೇ ಬಗೆಹರಿಯಬೇಕು.

ಇಲ್ಲೇ ಅಂಬೇಡ್ಕರ್ ಬೇಕಾಗುವುದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ದೀಕ್ಷೆ ತೆಗೆದುಕೊಂಡ ಮೇಲೆ ನಮ್ಮ ಹಳ್ಳಿಗಳ ಕಾಲೊನಿಗಳಿಗೂ ಬುದ್ಧ ಬಂದ, ಹೆಚ್ಚಾಗಿ ಬಾಬಾಸಾಹೇಬರ ಪಟದ ಪಕ್ಕದ ಪಟವಾಗಿ. ಜನಗಣತಿಯ ಲೆಕ್ಕದಲ್ಲಿ ಕರ್ನಾಟಕದ ಬೌದ್ಧರು 2011ರಲ್ಲಿ ಒಂದು ಲಕ್ಷವೂ ಇಲ್ಲ. ಪಟಗಳು ಅದಕ್ಕಿಂತ ಎಷ್ಟೋ ಹೆಚ್ಚು. 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅಂಬೇಡ್ಕರ್ ಸಮ್ಯಕ್ ಸ್ಮೃತಿಯನ್ನು ಮನಸ್ಸಿನ ಎಡೆಬಿಡದ ಎಚ್ಚರ, ಕೆಟ್ಟ ಆವೇಗಗಳ ಮೇಲಿನ ಕಾವಲು ಎಂದು ಅರ್ಥೈಸಿದ್ದಾರೆ. ಕಣ್ಣುಮುಚ್ಚುವುದಕ್ಕೆ ಅವರಲ್ಲಿ ಹೆಚ್ಚು ಜಾಗವಿಲ್ಲ. ಧರ್ಮವೆಂದರೆ ಮನುಷ್ಯ ಮನುಷ್ಯನ ಜೊತೆ ಹೇಗಿರುತ್ತಾನೆ ಎಂಬುದು. ವಿಪಶ್ಯನೆಯವರೂ ಅಂಬೇಡ್ಕರ್‌ವಾದಿಗಳೂ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವುದುಂಟು. ಇವರು ಕಣ್ಣು ಮುಚ್ಚಿದ್ದಾರೆ ಎಂದು ಅವರು, ಅವರು ಬರೀ ಭಾಷಣ ಎಂದು ಇವರು. ಮೂಲ ಸತಿಪಟ್ಠಾನ ಸುತ್ತ ಓದಿದರೆ ಈ ಜಗಳಕ್ಕೆ ಆಸ್ಪದವಿಲ್ಲ. ತನ್ನ ಒಳಗೂ ನೋಡು, ಹೊರಗೂ ನೋಡು ಎಂದು ಅದು ಪ್ರತಿ ಭಾಗದ ಕೊನೆಗೂ ಹೇಳುತ್ತದೆ. ಹಳ್ಳಿಯ ಹೋಟೆಲಿನಲ್ಲಿ ಕೆಲವರಿಗೆ ಮಾತ್ರ ಟೀ ಬೇರೆ ಲೋಟದಲ್ಲಿ ಬರುತ್ತಿದ್ದ ಕಾಲವನ್ನು ನಾನು ಹುಡುಗನಾಗಿ ಕಂಡಿದ್ದೇನೆ. ದಿನಾ ಅಲ್ಲಿ ಕೂತು ಕುಡಿದೆ, ಒಂದು ದಿನವೂ ‘ಕಾಣಲಿಲ್ಲ’. ಗಮನ ಎಲ್ಲಿ ಹೋಗಬೇಕು, ಎಲ್ಲಿ ಹೋಗಕೂಡದು ಎಂದು ಜಾತಿಯೇ ನಮಗೆ ತರಬೇತಿ ಕೊಟ್ಟಿರುತ್ತದೆ. ಆ ತರಬೇತಿಯನ್ನು ಮುಟ್ಟದೆ ಬಿಟ್ಟು ಟೀಯ ಪರಿಮಳ ಮಾತ್ರ ಆಸ್ವಾದಿಸುವ ಎಚ್ಚರಕ್ಕೆ ನಾನು ಸತಿ ಎನ್ನಲಾರೆ.

ಬೈಲಕುಪ್ಪೆಯ ಟಿಬೆಟನ್ನರ ಬಗ್ಗೆ ಬರೆಯುವಷ್ಟು ನನಗೆ ಒಡನಾಟವಿಲ್ಲ. 1960ರ ಸುಮಾರಿಗೆ ಬಂದು ಕಾಡು ಕಡಿದು ಜೋಳ ಬೆಳೆದವರು, ಆಮೇಲೆ ಸೆರಾ, ನಾಮ್‌ಡ್ರೋಲಿಂಗ್ ಮಠಗಳನ್ನು ಕಟ್ಟಿಕೊಂಡವರು. ನಮಗೆ ಅವರು ಇನ್ನೂ ಪ್ರವಾಸದ ಸ್ಥಳವಾಗಿಯೇ ಉಳಿದಿದ್ದಾರೆ. ಬೆಂಗಳೂರಿನ ಗಾಂಧಿನಗರದಲ್ಲಿ ಆಚಾರ್ಯ ಬುದ್ಧರಕ್ಖಿತ 1956ರಲ್ಲಿ ಕಟ್ಟಿದ ಮಹಾಬೋಧಿ ಸೊಸೈಟಿ ಮೆಜೆಸ್ಟಿಕ್ಕಿಗೆ ನಡೆದುಹೋಗುವಷ್ಟೇ ದೂರ. ಬಸ್ಸಿಗೆ ಹೊತ್ತಿದ್ದರೆ ಹೋಗಿ ಅರ್ಧಗಂಟೆ ಕೂತು ಬರಬಹುದು.

ಈಗ ನನ್ನ ಜಗಳದ ವಿಷಯ. ‘ನಮ್ಮ ರೈತರಿಗೆ ಧ್ಯಾನ ಯಾಕ್ರೀ, ಅವರ ಕೆಲಸವೇ ಧ್ಯಾನ’ ಎಂಬ ಮಾತನ್ನು ನಗರದ ಗೆಳೆಯರಿಂದ ಎಷ್ಟೋ ಸಲ ಕೇಳಿದ್ದೇನೆ. ಕೇಳಲು ಇಂಪಾಗಿದೆ. ಸಂಯುತ್ತ ನಿಕಾಯದ ಒಂದು ಹೋಲಿಕೆ ಇದಕ್ಕೆ ಸಾಕ್ಷಿಯಂತೆಯೂ ಕಾಣುತ್ತದೆ: ನಾಡಿನ ಚೆಲುವೆ ಕುಣಿಯುತ್ತಿದ್ದಾಳೆ, ಜನ ನೆರೆದಿದ್ದಾರೆ, ಅವರ ನಡುವೆ ಒಬ್ಬ ಅಂಚಿನವರೆಗೂ ಎಣ್ಣೆ ತುಂಬಿದ ಬಟ್ಟಲು ಹೊತ್ತು ನಡೆಯಬೇಕು. ನಮ್ಮ ಹೆಂಗಸರು ತಲೆಯ ಮೇಲೊಂದು ಸೊಂಟದ ಮೇಲೊಂದು ಕೊಡ ಹೊತ್ತು ಬರುವ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಆದರೆ ಹೋಲಿಕೆಯಲ್ಲಿ ಇನ್ನೊಬ್ಬನಿದ್ದಾನೆ, ಕತ್ತಿ ಹಿಡಿದು ಬೆನ್ನ ಹಿಂದೆ ಬರುವವನು; ಒಂದು ತೊಟ್ಟು ಚೆಲ್ಲಿದರೆ ತಲೆ ಹೋಗುತ್ತದೆ. ಕೊಡ ಹೊತ್ತವಳ ಬೆನ್ನಿಗೂ ಅಂಥವನಿದ್ದಾನೆ. ಫ್ಲೋರೈಡ್ ಇಲ್ಲದ ನೀರು ಒಂದು ಕೊಡ ಚೆಲ್ಲಿದರೆ ಮತ್ತೆ ಅಷ್ಟು ದೂರ. ಬಲವಂತದ ಎಚ್ಚರ ಜೀವ ಉಳಿಸುತ್ತದೆ, ಮನಸ್ಸನ್ನು ಬಿಡುಗಡೆ ಮಾಡುವುದಿಲ್ಲ. ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತ ದಿನವಿಡೀ ಕೂತವಳ ಕೈ ತಪ್ಪುವುದೇ ಇಲ್ಲ. ಮನಸ್ಸು ಮಾತ್ರ ಹತ್ತು ವರ್ಷದ ಹಿಂದಿನ ಅವಮಾನವನ್ನು ಕುಟ್ಟುತ್ತಿರುತ್ತದೆ. ಕೈಯ ಪಳಗುವಿಕೆ ಬೇರೆ, ಗ್ಯಾನ ಬೇರೆ. ಆ ಅವಮಾನ ಎದ್ದದ್ದನ್ನು ‘ಓ, ಮತ್ತೆ ಬಂತು’ ಎಂದು ಕಂಡ ಗಳಿಗೆಯೇ ಸತಿ. ಅದಕ್ಕೆ ಕುಟ್ಟುವುದನ್ನು ನಿಲ್ಲಿಸಬೇಕಿಲ್ಲ, ನಿಧಾನ ಮಾಡಬೇಕಿಲ್ಲ. ಆದರೆ ಅಂಥದೊಂದು ಸಾಧ್ಯವಿದೆ ಎಂದು ಯಾರಾದರೂ ಒಮ್ಮೆ ಹೇಳಿರಬೇಕು. ವಿಯೆಟ್ನಾಮಿನ ತಿಕ್ ನ್ಯಾಟ್ ಹಾನ್ ಪಾತ್ರೆ ತೊಳೆಯುವುದನ್ನು ಧ್ಯಾನವೆಂದು ಬರೆದದ್ದನ್ನು ಎಲ್ಲರೂ ಉದಾಹರಿಸುತ್ತಾರೆ. ಆ ಪುಸ್ತಕ 1970ರ ದಶಕದಲ್ಲಿ ಯುದ್ಧದ ನಡುವೆ ಹಳ್ಳಿಗಳಲ್ಲಿ ದುಡಿಯುತ್ತಿದ್ದ ಸೇವಾಕಾರ್ಯಕರ್ತರಿಗೆ ಬರೆದ ಪತ್ರವಾಗಿ ಹುಟ್ಟಿತೆಂಬುದನ್ನು ಮರೆಯುತ್ತಾರೆ.

ದುಡಿಯುವವರ ಹೋಲಿಕೆಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಕೊನೆಗಿಟ್ಟುಕೊಂಡಿದ್ದೇನೆ. ಬುದ್ಧನಿಗೆ ದನಕರುಗಳ ವಿಷಯ ಚೆನ್ನಾಗಿ ಗೊತ್ತಿತ್ತು. ಗಾಯದಲ್ಲಿ ನೊಣ ಇಟ್ಟ ಮೊಟ್ಟೆ ತೆಗೆಯುವುದು, ಕೊಟ್ಟಿಗೆಗೆ ಹೊಗೆ ಹಾಕುವುದು, ಕೆಚ್ಚಲಲ್ಲಿ ಹಾಲು ಉಳಿಸುವುದು, ಇವೆಲ್ಲ ಒಂದು ಸುತ್ತದಲ್ಲಿ ಸಾಲಾಗಿ ಬರುತ್ತವೆ. ಮಜ್ಝಿಮ ನಿಕಾಯದ 19ನೆಯದರಲ್ಲಿ ಅವನು ಬೋಧಿಗೆ ಮುಂಚಿನ ತನ್ನ ಸಾಧನೆಯನ್ನೇ ದನಗಾಹಿಯ ಕೆಲಸಕ್ಕೆ ಹೋಲಿಸುತ್ತಾನೆ. ಮಳೆಗಾಲದ ಕೊನೆಗೆ ಪೈರು ದಟ್ಟವಾಗಿ ನಿಂತಾಗ ದನ ಕಾಯುವವನು ಕೋಲು ಹಿಡಿದು ಆ ಕಡೆ ಈ ಕಡೆ ಹೊಡೆದು ತಡೆಯಬೇಕು. ಇಲ್ಲದಿದ್ದರೆ ದಂಡ, ಬೈಗುಳ, ಸೆರೆ. ಬೇಸಿಗೆಯ ಕೊನೆ ತಿಂಗಳಲ್ಲಿ ಬೆಳೆಯೆಲ್ಲ ಊರು ಸೇರಿದ ಮೇಲೆ ಅವನು ಮರದ ಬುಡದಲ್ಲೋ ಬಯಲಿನಲ್ಲೋ ಕೂತು, ‘ದನ ಅಲ್ಲಿವೆ’ ಎಂಬ ಗ್ಯಾನವೊಂದನ್ನು ಇಟ್ಟುಕೊಂಡರೆ ಸಾಕು. ಕೆಟ್ಟ ಯೋಚನೆಗಳಿಗೆ ಕೋಲು, ಒಳ್ಳೆಯವಕ್ಕೆ ಮರದ ನೆರಳು. ತಮ್ಮ ದೈವ ಜುಂಜಪ್ಪನನ್ನು ನೆನೆಯುವ ಶಿರಾ ಸೀಮೆಯ ಕಾಡುಗೊಲ್ಲರಿಗೆ, ಅಕ್ಕಿರಾಂಪುರದ ಸಂತೆಗೆ ಕುರಿ ಹೊಡೆದುಕೊಂಡು ಬರುವವರಿಗೆ ಈ ಹೋಲಿಕೆ ಒಮ್ಮೆ ಹೇಳಿದರೆ ಸಾಕು.

ತೊಡಕೆಂದರೆ ಆ ಬೇಸಿಗೆ ಈಗ ಬರುವುದಿಲ್ಲ. ಮೊದಲು ರಾಗಿ, ಕಡ್ಲೇಕಾಯಿ ಎದ್ದ ಮೇಲೆ ಹೊಲವೆಲ್ಲ ಎಲ್ಲರ ಕುರಿಗೂ ಮೇವು. ಈಗ ಏಪ್ರಿಲಿನಲ್ಲೂ ಬೋರ್‌ವೆಲ್ಲಿರುವವನ ಹೊಲದಲ್ಲಿ ಟೊಮೆಟೊ, ಹೂವು, ಸೀಮೆಹುಲ್ಲು ನಿಂತಿರುತ್ತದೆ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆ ಸೋಲಾರ್ ಪಾರ್ಕಿನ ಬೇಲಿಯೊಳಗೆ ಹೋಗಿ 2,050 ಮೆಗಾವಾಟ್ ವಿದ್ಯುತ್ ಆಗಿದೆ. ಅಲ್ಲಿ ಮೇಯುತ್ತಿದ್ದವು ಬೇರೆ ಕಡೆ ಹೋಗಬೇಕು. ಕಾಯುವವನು ವರ್ಷವಿಡೀ ಕೋಲು ಹಿಡಿದೇ ಇರಬೇಕು. ಮನಸ್ಸಿನದೂ ಅದೇ ಪಾಡು. ಅದಕ್ಕೂ ಸುಗ್ಗಿ ಮುಗಿದ ಬಯಲೆಂಬುದು ಉಳಿದಿಲ್ಲ, ಜೇಬಿನಲ್ಲಿರುವ ಫೋನು ಹನ್ನೆರಡು ತಿಂಗಳೂ ಹಸಿರು.

ಹೋದ ಬೇಸಿಗೆಯಲ್ಲಿ ಕೊರಟಗೆರೆಯಿಂದ ಬರುತ್ತ ನಮ್ಮೂರ ಹತ್ತಿರದ ಹುಣಸೆಮರದ ಕೆಳಗೆ ಬೈಕು ನಿಲ್ಲಿಸಿದ್ದೆ. ಹದಿನಾರರ ಹುಡುಗನೊಬ್ಬ ಬೇರಿಗೆ ಒರಗಿ ಫೋನಿನಲ್ಲಿ ಮುಳುಗಿದ್ದ, ಕೋಲು ಪಕ್ಕದಲ್ಲಿ ಬಿದ್ದಿತ್ತು. ಕುರಿಗಳು ಒಂದೊಂದಾಗಿ ಡ್ರಿಪ್ ಹಾಕಿದ ಟೊಮೆಟೊ ಸಾಲಿನ ಕಡೆ ತಿರುಗಿದ್ದವು. ಅವನ ಕಿವಿಯಲ್ಲಿ ಏನೋ ಓಡುತ್ತಿತ್ತು. ಆಚೆ ಬದುವಿನಲ್ಲಿ ಹುಲ್ಲು ಕುಯ್ಯುತ್ತಿದ್ದ ಅಜ್ಜಿ ಕುಡುಗೋಲು ಹಿಡಿದೇ ನೆಟ್ಟಗೆ ನಿಂತಳು.

‘ಲೇಯ್, ಗ್ಯಾನ ಎಲ್ಲಿಕ್ಕಂಡಿದ್ದೀಯೋ?’

ಹುಡುಗ ಧಡಕ್ಕನೆ ಎದ್ದು ಕಿವಿಯಿಂದ ವೈರು ಕಿತ್ತ. ಓಡಿ ಹೋಗಿ ಮುಂದಿನ ಟಗರನ್ನು ತಿರುಗಿಸಿದ. ಆಮೇಲೆ ಬಿಸಿಲಿನಲ್ಲೇ ನಿಂತು, ಬೆರಳು ಚಾಚಿ, ಸಣ್ಣ ದನಿಯಲ್ಲಿ ಎಣಿಸತೊಡಗಿದ.